ಆಟಿಸಂ ಯಾರ ತಪ್ಪು?

ಪ್ರಥಮ ಪಿಯುಸಿಗೆ ನರಮಂಡಲದ ಪಾಠ ಮುಗಿಸಿ ತರಗತಿಯಿಂದ ಹೊರಗೆ ಬರುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ ಹಿಂದೆಯೇ ಬಂದು ನಿಂತಳು. ಎಲ್ಲರೂ ಹೋಗಲಿ ಎಂದು ಕಾದು, ಆಮೇಲೆ ಕೇಳಿದಳು:

"ಸರ್, ನನ್ನ ತಮ್ಮನಿಗೆ ಆರು ವರ್ಷ. ಮಾತಾಡಲ್ಲ. ಹೆಸರು ಹಿಡಿದು ಕರೆದರೂ ತಿರುಗಿ ನೋಡಲ್ಲ. ಬೆಂಗಳೂರಿನಲ್ಲಿ ತೋರಿಸಿದ್ವಿ, ಆಟಿಸಂ ಅಂದ್ರು. ಅವನು ಹೊಟ್ಟೆಯಲ್ಲಿದ್ದಾಗ ಅಮ್ಮಿ ಗ್ರಹಣದ ದಿನ ಹೊರಗೆ ಬಂದಿದ್ರಂತೆ. ಹುಟ್ಟಿದ ಮೇಲೆ ಎತ್ತಿ ಆಡಿಸಲಿಲ್ಲ, ಮೊಬೈಲ್ ಕೊಟ್ಟು ಕೂರಿಸಿದ್ರು, ಅದಕ್ಕೇ ಹೀಗಾಯ್ತು ಅಂತ ದಾದಿ ದಿನಾ ಹೇಳ್ತಾರೆ. ನಿಜವಾ ಸರ್?"

ನಾನು ಉತ್ತರ ಹುಡುಕುತ್ತಿರುವಾಗಲೇ ಇನ್ನೊಂದು ಮಾತು ಸೇರಿಸಿದಳು. "ನನಗೂ ಮುಂದೆ ಅಂಥದೇ ಮಗು ಹುಟ್ಟುತ್ತೆ ಅಂತ ಚಾಚಿ ಹೇಳ್ತಾರೆ."

ಕಾರಿಡಾರಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಇದೇ ಪ್ರಶ್ನೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಇನ್ನೂ ಎಷ್ಟೋ ಮನೆಗಳಲ್ಲಿ ಇದ್ದೀತು. ಹೇಳುವ ಮಾತು ಮಾತ್ರ ಮನೆಯಿಂದ ಮನೆಗೆ ಬೇರೆ. ಒಂದು ಕಡೆ ನಜರ್, ಇನ್ನೊಂದು ಕಡೆ ಗಾಳಿ ಸೋಕಿದ್ದು, ಮತ್ತೊಂದು ಕಡೆ ಹಿಂದಿನ ಜನ್ಮದ ಕರ್ಮ. ಕೊನೆಗೆ ಬೆರಳು ತೋರಿಸುವುದು ಮಾತ್ರ ಎಲ್ಲ ಕಡೆಯೂ ತಾಯಿಯ ಕಡೆಗೇ. ಆದ್ದರಿಂದ ಆ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು, ಅವಳ ಗುರುತು ಬಿಟ್ಟು, ಉತ್ತರವನ್ನು ನಮ್ಮ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲಿಗೆ ಆಟಿಸಂ ಎಂದರೇನು ಎಂದು ಚುಟುಕಾಗಿ. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದವಿದೆ. ಇದು ಹುಚ್ಚಲ್ಲ, ಅಂಟುರೋಗವೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಇಂಥ ಮಕ್ಕಳಿಗೆ ಇನ್ನೊಬ್ಬರೊಂದಿಗೆ ಕಣ್ಣು, ಮುಖ, ಮಾತುಗಳ ಮೂಲಕ ವ್ಯವಹರಿಸುವುದು ಕಷ್ಟ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ದಿನಚರಿ ಸ್ವಲ್ಪ ಬದಲಾದರೂ ಗಾಬರಿಯಾಗುವುದು ಉಂಟು. ಕುಕ್ಕರಿನ ಸೀಟಿ ನಮಗೆ ಬರೀ ಶಬ್ದ, ಅಂಥ ಮಗುವಿಗೆ ಕಿವಿ ಮುಚ್ಚಿಕೊಂಡು ಓಡಬೇಕಾದ ಹಿಂಸೆ. ಒಬ್ಬರಿಗೆ ಮಾತೇ ಬಾರದು, ಇನ್ನೊಬ್ಬರು ಎಂಜಿನಿಯರಿಂಗ್ ಓದಿ ಕೆಲಸದಲ್ಲಿರಬಹುದು. ಇಷ್ಟು ವಿಸ್ತಾರ ಇರುವುದರಿಂದಲೇ ವೈದ್ಯರು ಇದನ್ನು ಸ್ಪೆಕ್ಟ್ರಂ ಎನ್ನುತ್ತಾರೆ. ಹುಡುಗರಲ್ಲಿ ಹೆಚ್ಚು ಕಾಣುತ್ತದೆ. ಹುಡುಗಿಯರಲ್ಲಿ ಇದ್ದರೂ "ನಾಚಿಕೆ ಸ್ವಭಾವ" ಎಂದು ಸುಮ್ಮನಾಗುವುದರಿಂದ ಎಷ್ಟೋ ಸಲ ಗೊತ್ತಾಗುವುದೇ ಇಲ್ಲ.

ಈಗ ತಾಯಿಯ ಮೇಲಿನ ಆರೋಪಕ್ಕೆ ಬರೋಣ. ಇದು ನಮ್ಮ ದಾದಿ, ಅಜ್ಜಿಯರು ಮಾತ್ರ ಹೊರಿಸಿದ್ದಲ್ಲ. ಒಂದು ಕಾಲಕ್ಕೆ ದೊಡ್ಡ ದೊಡ್ಡ ವಿದ್ವಾಂಸರೇ ಹೊರಿಸಿದ್ದರು. 1943ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ವಿವರ ಪ್ರಕಟಿಸಿದರು. ಆಟಿಸಂ ಪ್ರತ್ಯೇಕ ಸ್ಥಿತಿಯೆಂದು ವೈದ್ಯಲೋಕದಲ್ಲಿ ನೆಲೆಯಾದದ್ದು ಆ ಬರಹದಿಂದ. ಮಕ್ಕಳಿಗೆ ಇದು ಹುಟ್ಟಿನಿಂದಲೇ ಇರುವಂತಿದೆ ಎಂದು ಬರೆದ ಅವರೇ, ಈ ಮಕ್ಕಳ ತಂದೆತಾಯಿಯರಲ್ಲಿ ಮಮತೆ ಕಡಿಮೆ ಎಂದೂ ಬರೆದರು. ಹಿಂದೆ ಬಂದವರು ಮೊದಲನೆಯ ಮಾತನ್ನು ಮರೆತು ಎರಡನೆಯದನ್ನು ಹಿಡಿದುಕೊಂಡರು. ಮಂಜುಗಡ್ಡೆಯಂಥ ತಾಯಿಯಿಂದ ಮಗು ತನ್ನೊಳಗೆ ಮುದುಡಿಕೊಳ್ಳುತ್ತದೆ ಎಂದು ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದರು. ತಾಯಂದಿರಿಗೆ "ಫ್ರಿಜ್ ತಾಯಿ" ಎಂಬ ಹೆಸರೂ ಬಂತು! ಅಷ್ಟರಲ್ಲಾಗಲೇ, 1964ರಲ್ಲಿ, ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲಂಡ್ ಇದರ ಮೂಲ ದೇಹದಲ್ಲಿದೆ, ಸಾಕಾಣಿಕೆಯಲ್ಲಲ್ಲ ಎಂದು ವಾದಿಸಿದ್ದರು.

ವಾದವನ್ನು ತೀರ್ಮಾನಕ್ಕೆ ತರಲು ಅವಳಿ ಮಕ್ಕಳು ಬೇಕಾದರು. ಒಂದೇ ಭ್ರೂಣ ಒಡೆದು ಆಗುವ ತದ್ರೂಪಿ ಅವಳಿಗಳಲ್ಲಿ ಜೀನುಗಳು ಒಂದೇ, ಬೇರೆ ಬೇರೆ ಅಂಡಗಳಿಂದ ಆಗುವ ಅವಳಿಗಳು ಜೀನುಗಳ ಮಟ್ಟಿಗೆ ಸಾಮಾನ್ಯ ಅಣ್ಣತಮ್ಮಂದಿರಂತೆ ಎಂಬುದು ನಿಮಗೆ ಗೊತ್ತೇ ಇದೆ. ಎರಡೂ ಬಗೆಯವರು ಬೆಳೆಯುವುದು ಒಂದೇ ಮನೆಯಲ್ಲಿ, ಒಬ್ಬಳೇ ತಾಯಿಯ ಕೈಯಲ್ಲಿ. ತಪ್ಪು ತಾಯಿಯ ಸಾಕಾಣಿಕೆಯಲ್ಲಿದ್ದರೆ ಎರಡೂ ಗುಂಪುಗಳಲ್ಲಿ ಫಲಿತಾಂಶ ಒಂದೇ ಇರಬೇಕು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನು ಹುಡುಕಿ ನೋಡಿದರು. 11 ತದ್ರೂಪಿ ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಉಳಿದ 10 ಜೋಡಿಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ಸಂಖ್ಯೆ ಚಿಕ್ಕದು, ನಿಜ. ಆದರೆ 2019ರಲ್ಲಿ ಐದು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿದ ಅಧ್ಯಯನವೂ ಅದೇ ದಿಕ್ಕನ್ನು ತೋರಿಸಿತು: ಒಬ್ಬರಿಗೆ ಆಟಿಸಂ ಬರುವುದು, ಇನ್ನೊಬ್ಬರಿಗೆ ಬಾರದಿರುವುದು ಎಂಬ ವ್ಯತ್ಯಾಸದಲ್ಲಿ ಸುಮಾರು ಶೇ. 80ರಷ್ಟು ಪಾಲು ಜೀನುಗಳದ್ದು. ತಾಯಿ ಎಷ್ಟು ಎತ್ತಿ ಆಡಿಸಿದಳು ಎಂಬುದರ ಲೆಕ್ಕ ಇದರಲ್ಲಿ ಎಲ್ಲೂ ಬರುವುದಿಲ್ಲ.

ಹಾಗಾದರೆ ಯಾವ ಜೀನು? ಇಲ್ಲಿ ವಿಷಯ ಸ್ವಲ್ಪ ಸಿಕ್ಕಾಗುತ್ತದೆ. ಮೆಂಡಲನ ಬಟಾಣಿ ಗಿಡದ ಎತ್ತರದಂತೆ ಒಂದೇ ಜೀನಿನ ಆಟ ಇದಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 35,584 ಜನರ ಜೀನುಗಳನ್ನು ಓದಿ, ಆಟಿಸಂಗೆ ಬಲವಾಗಿ ನಂಟಿರುವ 102 ಜೀನುಗಳನ್ನು ಪಟ್ಟಿ ಮಾಡಿತು. ಇವಲ್ಲದೆ, ಒಂದೊಂದೂ ಕಾಳಿನಷ್ಟು ಮಾತ್ರ ಪ್ರಭಾವ ಬೀರುವ ಸಾವಿರಾರು ಸಣ್ಣ ವ್ಯತ್ಯಾಸಗಳು ನಮ್ಮೆಲ್ಲರಲ್ಲೂ ಹಂಚಿಹೋಗಿವೆ. ಕೆಲವು ಮಕ್ಕಳಲ್ಲಿ ಬದಲಾವಣೆ ತಂದೆಯಲ್ಲೂ ಇರುವುದಿಲ್ಲ, ತಾಯಿಯಲ್ಲೂ ಇರುವುದಿಲ್ಲ. ಅಂಡ ಅಥವಾ ವೀರ್ಯಾಣು ತಯಾರಾಗುವಾಗ ಡಿಎನ್‌ಎ ನಕಲಿನಲ್ಲಿ ಹೊಸದಾಗಿ ಒಂದು ಅಕ್ಷರ ತಪ್ಪಿರುತ್ತದೆ. ಇಂಥ ಹೊಸ ಬದಲಾವಣೆಗಳಲ್ಲಿ ಹೆಚ್ಚಿನ ಪಾಲು ತಂದೆಯ ಕಡೆಯಿಂದ ಬರುತ್ತದೆ. ವೀರ್ಯಾಣುಗಳು ಜೀವನವಿಡೀ ತಯಾರಾಗುತ್ತಲೇ ಇರುವುದರಿಂದ, ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿನಲ್ಲಿ ಸರಾಸರಿ ಎರಡು ಹೊಸ ಬದಲಾವಣೆ ಸೇರುತ್ತವೆ ಎಂದು 2012ರ ಐಸ್‌ಲ್ಯಾಂಡ್ ಅಧ್ಯಯನ ಲೆಕ್ಕ ಹಾಕಿತು. ಅವುಗಳಲ್ಲಿ ಬಹುಪಾಲು ಯಾವ ತೊಂದರೆಯನ್ನೂ ಮಾಡುವುದಿಲ್ಲ. ತಾಯಿಯ ಮೇಲಿದ್ದ ಹೊರೆಯನ್ನು ತಂದೆಯ ತಲೆಗೆ ವರ್ಗಾಯಿಸಲು ಇದನ್ನು ಹೇಳುತ್ತಿಲ್ಲ. ನಕಲು ತಪ್ಪುವುದು ಯಾರ ಕೈಯಲ್ಲೂ ಇಲ್ಲ. ಆದರೂ ದಾದಿಯಂಥವರಿಗೆ ಇದೊಂದು ಮಾತು ಗೊತ್ತಿರಲಿ.

ಈ ಜೀನುಗಳು ಮಿದುಳಿನಲ್ಲಿ ಮಾಡುವ ಕೆಲಸವೇನು? ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶದ ತುದಿ ಇನ್ನೊಂದನ್ನು ಸಂಧಿಸುವ ಜಾಗವೇ ಸಿನಾಪ್ಸ್. ಪರೀಕ್ಷೆಗೆ ನೀವು ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತೀರಲ್ಲ, ಅದೇ. ಆ 102 ಜೀನುಗಳಲ್ಲಿ ಹಲವು ಈ ಸಿನಾಪ್ಸ್ ಕಟ್ಟುವ, ನಡೆಸುವ ಕೆಲಸದವು. ಇನ್ನು ಹಲವು, ಮಿದುಳು ಬೆಳೆಯುವಾಗ ಬೇರೆ ಜೀನುಗಳು ಯಾವಾಗ ಕೆಲಸ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನಿಯಂತ್ರಿಸುವವು. ಅವುಗಳ ಕೆಲಸ ಗರ್ಭದಲ್ಲೇ ಆರಂಭವಾಗಿರುತ್ತದೆ, ಮಗು ಮೊಬೈಲ್ ಕಾಣುವುದಕ್ಕೆ ಬಹಳ ಮೊದಲು.

ನಮ್ಮ ಕಡೆ ರಾಗಿ ಹೊಲ ನೋಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಬೀಜವನ್ನು ಒತ್ತಾಗಿ ಬಿತ್ತುತ್ತೇವೆ, ಪೈರು ಎದ್ದ ಮೇಲೆ ಹೆಚ್ಚಿನದನ್ನು ತೆಗೆದು ತೆಳುವು ಮಾಡುತ್ತೇವೆ. ಮಿದುಳೂ ಹಾಗೆಯೇ. ಮೊದಲ ವರ್ಷಗಳಲ್ಲಿ ಬೇಕಾದ್ದಕ್ಕಿಂತ ಬಹಳ ಹೆಚ್ಚು ಸಿನಾಪ್ಸ್‌ಗಳನ್ನು ಕಟ್ಟಿಕೊಂಡು, ಬಾಲ್ಯ ಮತ್ತು ಹದಿಹರೆಯದಲ್ಲಿ ಬಳಕೆಯಾಗದವನ್ನು ಕಳಚಿಹಾಕುತ್ತದೆ. 2014ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗುವೊಮೆ ಟಾಂಗ್, ಡೇವಿಡ್ ಸುಲ್ಜರ್ ಮತ್ತು ಸಂಗಡಿಗರು, ಬೇರೆ ಬೇರೆ ಕಾರಣಗಳಿಂದ ತೀರಿಕೊಂಡ ಮಕ್ಕಳು ಮತ್ತು ಹದಿಹರೆಯದವರ ಮಿದುಳುಗಳನ್ನು ಪರೀಕ್ಷಿಸಿದರು. ಆಟಿಸಂ ಇಲ್ಲದವರಲ್ಲಿ ಬಾಲ್ಯ ಕಳೆಯುವ ಹೊತ್ತಿಗೆ ನರಕೋಶದ ಮೇಲಿನ ಸಂಪರ್ಕದ ಮೊಗ್ಗುಗಳು ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆಯಾಗಿದ್ದವು. ಆಟಿಸಂ ಇದ್ದವರಲ್ಲಿ ಕಡಿಮೆಯಾದದ್ದು ಶೇ. 16ರಷ್ಟು ಮಾತ್ರ. ಪೈರು ಒತ್ತಾಗಿಯೇ ಉಳಿದಿತ್ತು. ಎಲ್ಲ ಶಬ್ದ, ಎಲ್ಲ ಬೆಳಕು ಒಟ್ಟಿಗೇ ನುಗ್ಗಿದಂತೆ ಈ ಮಕ್ಕಳಿಗೆ ಏಕೆ ಅನ್ನಿಸಬಹುದು ಎಂಬುದಕ್ಕೆ ಇದೊಂದು ಸುಳಿವು. ಎಲ್ಲರಲ್ಲೂ ಹೀಗೆಯೇ ಎನ್ನಲು ಮಾತ್ರ ಆಗದು.

ಇನ್ನೊಂದು ಸುಳಿವು 2017ರದು. ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇರುವ ಎಳೆಗೂಸುಗಳನ್ನು ಎಂಆರ್‌ಐ ಮಾಡಿ ಹಿಂಬಾಲಿಸಿದಾಗ, ಮುಂದೆ ಆಟಿಸಂ ಕಾಣಿಸಿಕೊಂಡ ಮಕ್ಕಳಲ್ಲಿ ಮಿದುಳಿನ ಹೊರಪದರದ ವಿಸ್ತೀರ್ಣ 6ರಿಂದ 12 ತಿಂಗಳ ನಡುವೆಯೇ ಉಳಿದವರಿಗಿಂತ ವೇಗವಾಗಿ ಹಿಗ್ಗಿತ್ತು. "ಎರಡು ವರ್ಷದವರೆಗೆ ಚೆನ್ನಾಗೇ ಇದ್ದ, ಆಮೇಲೆ ಹೀಗಾದ" ಎಂದು ಮನೆಯವರು ಹೇಳುವುದುಂಟು. ಹೊರಗೆ ಕಂಡದ್ದು ಆಮೇಲೆ, ಒಳಗೆ ಶುರುವಾದದ್ದು ಅದಕ್ಕೂ ಮೊದಲೇ.

ಈ ಸಂಶೋಧನೆ ಅಮೆರಿಕ, ಯುರೋಪಿನಲ್ಲಿ ಮಾತ್ರ ನಡೆಯುತ್ತದೆ ಎಂದುಕೊಳ್ಳಬೇಡಿ. ಮಧುಗಿರಿಯಿಂದ ಬೆಂಗಳೂರಿಗೆ ಹೋಗುವವರು ಯಲಹಂಕದ ಕಡೆಯಿಂದ ಊರು ಸೇರಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಸಿಗುತ್ತದೆ. ಅಲ್ಲೇ ಇರುವುದು ಎನ್‌ಸಿಬಿಎಸ್, ಅಂದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಅಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಫ್ರಜೈಲ್ ಎಕ್ಸ್ ಎಂಬ ಸ್ಥಿತಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ಒಂದೇ ಜೀನಿನಿಂದ ಬರುವ ಆಟಿಸಂಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಎಕ್ಸ್ ವರ್ಣತಂತುವಿನ ಮೇಲೆ ಎಫ್‌ಎಂಆರ್1 ಎಂಬ ಜೀನು ಇದೆ. ಅದು ಪತ್ತೆಯಾದದ್ದು 1991ರಲ್ಲಿ. ಅದರಲ್ಲಿ ಸಿ-ಜಿ-ಜಿ ಎಂಬ ಮೂರು ಅಕ್ಷರ ಮತ್ತೆ ಮತ್ತೆ ಬರುತ್ತವೆ. ಸಾಮಾನ್ಯವಾಗಿ ಮೂವತ್ತರ ಆಸುಪಾಸು. ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಈ ಪುನರಾವರ್ತನೆ ಉದ್ದವಾಗುತ್ತಾ 200 ದಾಟುತ್ತದೆ. ಆಗ ಜೀನು ಬಾಯಿ ಮುಚ್ಚಿಕೊಳ್ಳುತ್ತದೆ. ಅದು ತಯಾರಿಸಬೇಕಾದ ಪ್ರೋಟೀನು ಸಿನಾಪ್ಸ್‌ನಲ್ಲಿ ಬ್ರೇಕಿನ ಕೆಲಸ ಮಾಡುವಂಥದ್ದು. ಬ್ರೇಕಿಲ್ಲದಿದ್ದರೆ ಬೇರೆ ಪ್ರೋಟೀನುಗಳು ಮಿತಿಮೀರಿ ತಯಾರಾಗುತ್ತವೆ.

ಭಯ, ಆತಂಕಗಳಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗ ಮಿದುಳಿನೊಳಗಿದೆ, ಬಾದಾಮಿ ಬೀಜದಷ್ಟು. ಫ್ರಜೈಲ್ ಎಕ್ಸ್ ಮಾದರಿಯ ಇಲಿಗಳ ಅಮಿಗ್ಡಲದಲ್ಲಿ ಸಿನಾಪ್ಸ್‌ಗಳು ಹೇಗೆ ಕೆಟ್ಟಿರುತ್ತವೆ ಎಂದು ಚಟರ್ಜಿ ಅವರ ತಂಡ ಮತ್ತು ಅಮೆರಿಕದ ಸಹೋದ್ಯೋಗಿಗಳು 2010ರಲ್ಲಿ ತೋರಿಸಿದರು. ಅಷ್ಟೇ ಅಲ್ಲ, ಒಂದು ಔಷಧ ಕೊಟ್ಟಾಗ ಆ ದೋಷಗಳಲ್ಲಿ ಕೆಲವು ಸರಿಹೋದವು, ಕೆಲವು ಹೋಗಲಿಲ್ಲ. ಹುಟ್ಟಿದ ಮೇಲೂ ಸಿನಾಪ್ಸ್ ತಿದ್ದಬಹುದೇನೋ ಎಂಬ ಆಸೆ ಇಂಥ ಪ್ರಯೋಗಗಳಿಂದ ಹುಟ್ಟಿತು. ಅದೇ ಬಗೆಯ ಔಷಧಗಳನ್ನು ಎರಡು ದೊಡ್ಡ ಕಂಪನಿಗಳು ಮನುಷ್ಯರ ಮೇಲೆ ಪರೀಕ್ಷಿಸಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ಇಲಿಯಲ್ಲಿ ಸರಿಹೋದದ್ದು ಮಗುವಿನಲ್ಲಿ ಸರಿಹೋಗಬೇಕೆಂದಿಲ್ಲ. ಪತ್ರಿಕೆಯಲ್ಲಿ "ಆಟಿಸಂಗೆ ಮದ್ದು ಪತ್ತೆ" ಎಂಬ ಶೀರ್ಷಿಕೆ ಕಂಡಾಗ, ಪರೀಕ್ಷೆ ನಡೆದದ್ದು ಯಾರ ಮೇಲೆ ಎಂದು ಮೊದಲು ನೋಡಿ.

ಅಲ್ಲಿಂದ ಸ್ವಲ್ಪ ದೂರದ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ಪ್ರಯೋಗಾಲಯ ಸಿನ್‌ಗ್ಯಾಪ್1 ಎಂಬ ಇನ್ನೊಂದು ಜೀನಿನ ಹಿಂದೆ ಬಿದ್ದಿದೆ. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಇಲಿಮರಿಗಳ ಸಿನಾಪ್ಸ್‌ಗಳು ಹೊತ್ತಿಗೆ ಮುಂಚೆಯೇ ಬಲಿತುಬಿಡುತ್ತವೆ ಎಂದು ಅವರು ಅಮೆರಿಕದಲ್ಲಿದ್ದಾಗ, 2012ರಲ್ಲಿ, ಸಂಗಡಿಗರೊಂದಿಗೆ ತೋರಿಸಿದ್ದರು. ಕಲಿಯುವ ಕಾಲ ಮುಗಿಯುವ ಮೊದಲೇ ಬಾಗಿಲು ಮುಚ್ಚಿದ ಹಾಗೆ. ಒಂದು ಜೀನಿನಲ್ಲಿ ಬ್ರೇಕಿಲ್ಲ, ಇನ್ನೊಂದರಲ್ಲಿ ಅವಸರ. ಹೊರಗೆ ಕಾಣುವ ಲಕ್ಷಣ ಹತ್ತಿರ ಹತ್ತಿರ ಒಂದೇ. ಹೀಗಾಗಿ ಎಲ್ಲರಿಗೂ ಒಂದೇ ಗುಳಿಗೆ ಸಿಗುವುದು ಕಷ್ಟ.

ಜೀನು ಎಲ್ಲವೂ ಅಲ್ಲ. ತದ್ರೂಪಿ ಅವಳಿಗಳಲ್ಲೂ ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲದ ಜೋಡಿಗಳಿದ್ದವಲ್ಲ. ಅವಧಿಗೆ ಬಹಳ ಮುಂಚೆ ಹೆರಿಗೆಯಾಗುವುದು, ಗರ್ಭಿಣಿಯಾಗಿದ್ದಾಗ ಮೂರ್ಛೆರೋಗಕ್ಕೆ ವ್ಯಾಲ್‌ಪ್ರೋಯೇಟ್ ಎಂಬ ಔಷಧ ತೆಗೆದುಕೊಳ್ಳುವುದು ಸಾಧ್ಯತೆಯನ್ನು ಹೆಚ್ಚಿಸುತ್ತವೆ. (ಹಾಗೆಂದು ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಮೂರ್ಛೆ ಬಂದರೆ ಇನ್ನೂ ಅಪಾಯ. ವೈದ್ಯರು ಬದಲಿ ಔಷಧ ಕೊಡುತ್ತಾರೆ.) ಗರ್ಭಿಣಿಗೆ ರುಬೆಲ್ಲ ಸೋಂಕು ತಗಲುವುದು ಇನ್ನೊಂದು ಕಾರಣ. ನಿಮಗೆ ನೆನಪಿರಬಹುದು, 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲೆಲ್ಲ ದಡಾರ-ರುಬೆಲ್ಲ ಚುಚ್ಚುಮದ್ದು ಹಾಕಿದರು. ಆಗ ವಾಟ್ಸಾಪ್‌ನಲ್ಲಿ ಹರಿದಾಡಿದ ವದಂತಿಗಳಿಗೆ ಹೆದರಿ ಮಕ್ಕಳನ್ನು ಶಾಲೆಗೇ ಕಳಿಸದ ಮನೆಗಳಿದ್ದವು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತಿನ ಬೇರು 1998ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಕೇವಲ 12 ಮಕ್ಕಳ ಮೇಲೆ ಬರೆದ ಲೇಖನದಲ್ಲಿದೆ. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು, ಅವರ ವೈದ್ಯ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ (2019) ಯಾವ ನಂಟನ್ನೂ ಕಾಣಲಿಲ್ಲ. ಆಟಿಸಂಗೆ ಹೆದರಿ ಯಾವ ಲಸಿಕೆಯನ್ನು ಬೇಡವೆಂದರೋ ಅದೇ ಲಸಿಕೆ ಆಟಿಸಂನ ಒಂದು ಕಾರಣವನ್ನು ತಡೆಯುವಂಥದ್ದು.

ಗ್ರಹಣಕ್ಕೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ಮೊಬೈಲು ಮಗುವಿನೊಂದಿಗೆ ಮಾತಾಡುವ ಹೊತ್ತನ್ನು ಕಸಿಯುತ್ತದೆ, ಕೊಡದಿದ್ದರೆ ಒಳ್ಳೆಯದು. ಆದರೆ ಮೇಲೆ ಹೇಳಿದ ಮಿದುಳಿನ ಬದಲಾವಣೆಗಳನ್ನು ಅದು ಉಂಟುಮಾಡುವುದಿಲ್ಲ.

ಸಂಬಂಧದಲ್ಲಿ ಮದುವೆಯ ವಿಷಯ ಬಿಟ್ಟರೆ ಲೇಖನ ಅರ್ಧವಾದೀತು. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತದೆ. ಅಕ್ಕನ ಮಗಳನ್ನು ತರುವ ಮನೆಗಳಿವೆ, ಖಾಲಾ, ಫುಫ್ಫು, ಚಾಚಾನ ಮಕ್ಕಳ ನಡುವೆ ಸಂಬಂಧ ಬೆಳೆಸುವ ಮನೆಗಳಿವೆ. ಯಾವ ಒಂದು ಸಮುದಾಯದ ವಿಷಯವೂ ಅಲ್ಲ ಇದು. ಅಪ್ರಬಲ ಜೀನು ಎರಡೂ ಕಡೆಯಿಂದ ಬಂದು ಜೋಡಿಯಾಗುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು ಎಂದು ನೀವೇ ವಂಶವೃಕ್ಷ ಬರೆದು ತೋರಿಸಬಲ್ಲಿರಿ. ಮಧ್ಯಪ್ರಾಚ್ಯದ ಇಂಥ ಕುಟುಂಬಗಳನ್ನು ಅಧ್ಯಯನ ಮಾಡಿ 2008ರಲ್ಲಿ ಆಟಿಸಂನ ಕೆಲವು ಅಪ್ರಬಲ ಕಾರಣಗಳನ್ನು ಪತ್ತೆ ಮಾಡಿದ್ದೂ ಇದೆ. ಆದರೆ ಆಟಿಸಂ ಇರುವ ಮಕ್ಕಳಲ್ಲಿ ಹೆಚ್ಚಿನವರ ಕಥೆ ಇದಲ್ಲ. ಸಂಬಂಧದಲ್ಲಿ ಮದುವೆಯಾಗದವರ ಮನೆಯಲ್ಲೂ ಆಟಿಸಂ ಇದೆ, ಆದವರ ಮನೆಯ ಬಹುಪಾಲು ಮಕ್ಕಳಿಗೆ ಏನೂ ಇಲ್ಲ.

ಆಟಿಸಂ ಪತ್ತೆಗೆ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ತಜ್ಞರು ಮಗುವಿನ ನಡವಳಿಕೆ ನೋಡಿಯೇ ಹೇಳಬೇಕು. ಒಂದು ವರ್ಷವಾದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ಕಾಯಬೇಡಿ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂಬ ಸಮಾಧಾನದಲ್ಲಿ ಎರಡು ಮೂರು ವರ್ಷ ಕಳೆದುಹೋಗುತ್ತದೆ, ಮಿದುಳು ಅತ್ಯಂತ ಚುರುಕಾಗಿ ಕಲಿಯುವ ವರ್ಷಗಳೇ ಅವು. ಮೊದಲು ಬೆರಾ ಪರೀಕ್ಷೆ ಮಾಡಿಸಿ ಕಿವಿ ಕೇಳುತ್ತದೆಯೇ ನೋಡುತ್ತಾರೆ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ಹೇಳಿದರೆ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್, 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೊಡ್ಡ ಕೇಂದ್ರಗಳು. ಪಾವಗಡದ ಹಳ್ಳಿಯಿಂದ ತುಮಕೂರಿಗೇ ನೂರು ಕಿಲೋಮೀಟರು, ವಾರಕ್ಕೆರಡು ದಿನ ಥೆರಪಿಗೆ ಹೋಗಿಬರುವುದೆಂದರೆ ಕೂಲಿ ಬಿಟ್ಟಂತೆಯೇ. ಆದ್ದರಿಂದ ಮನೆಯಲ್ಲಿ ಮಾಡಿಸಬೇಕಾದ್ದನ್ನು ಅಲ್ಲಿಯವರಿಂದ ಕಲಿತು ಬರುವುದು ಮುಖ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡು ಮಾಡಿಸಿಕೊಳ್ಳಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಿಂದ ಹಿಡಿದು ಹಲವು ಸೌಲಭ್ಯಕ್ಕೆ ಅದು ಬೇಕು.

ಸ್ಟೆಮ್ ಸೆಲ್ ಚುಚ್ಚಿ ಆಟಿಸಂ ಗುಣಪಡಿಸುತ್ತೇವೆಂಬ ಜಾಹೀರಾತುಗಳಿಗೆ ಒಡವೆ ಮಾರಬೇಡಿ. ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ.

ಇನ್ನು ವಿದ್ಯಾರ್ಥಿನಿಯ ಎರಡನೆಯ ಪ್ರಶ್ನೆ. ಒಂದು ಮಗುವಿಗೆ ಆಟಿಸಂ ಇದ್ದರೆ ಅದೇ ತಂದೆತಾಯಿಯ ಮುಂದಿನ ಮಗುವಿಗೆ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಅಕ್ಕನಿಗೆ ಮುಂದೆ ಹುಟ್ಟುವ ಮಗುವಿಗೆ ಅದೇ ಲೆಕ್ಕ ಅನ್ವಯಿಸುವುದಿಲ್ಲ. ತಮ್ಮನಲ್ಲಿರುವ ಕಾರಣ ಯಾವುದು ಎಂಬುದರ ಮೇಲೆ ಅದು ನಿಂತಿದೆ. ಹೊಸದಾಗಿ ಆದ ಬದಲಾವಣೆಯಾಗಿದ್ದರೆ ಅವಳಿಗೆ ಅಪಾಯ ಹೆಚ್ಚುಕಡಿಮೆ ಬೇರೆಯವರಷ್ಟೇ. ಫ್ರಜೈಲ್ ಎಕ್ಸ್ ಆಗಿದ್ದರೆ ಅವಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಅದಕ್ಕೆ ರಕ್ತಪರೀಕ್ಷೆ ಇದೆ. ಇದನ್ನು ಹೇಳಬೇಕಾದವರು ವಂಶವಾಹಿ ಸಲಹೆ ಕೊಡುವ ವೈದ್ಯರು, ಚಾಚಿಯಲ್ಲ.

ಇಷ್ಟನ್ನೂ ಅವಳಿಗೆ ಹೇಳಿ, ಮುಂದಿನ ಸಲ ಬೆಂಗಳೂರಿಗೆ ಹೋಗುವಾಗ ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಂಡು ಹೋಗು, ವೈದ್ಯರು ಅದನ್ನೇ ಮೊದಲು ಕೇಳುತ್ತಾರೆ ಎಂದಿದ್ದೆ. ವಾರದ ನಂತರ ರೆಕಾರ್ಡ್ ಪುಸ್ತಕದ ಹಾಳೆಯಲ್ಲಿ ಸ್ಕೇಲಿಟ್ಟು ಬರೆದು ತಂದಳು. ಚೌಕ, ವೃತ್ತ ಎಲ್ಲ ಸರಿಯಾಗಿತ್ತು. ಅಮ್ಮಿಯ ಕಡೆ ಹದಿನೇಳು ಜನ, ಅಬ್ಬಾನ ಕಡೆ ಅಬ್ಬಾ ಒಬ್ಬರೇ.

"ಆ ಕಡೆಯವರನ್ನ ಕೇಳಿದ್ರೆ, ನಮ್ಮ ವಂಶದಲ್ಲಿ ಅಂಥದ್ದೇನೂ ಇಲ್ಲ ಅಂತ ಬೈದು ಕಳಿಸ್ತಾರೆ ಸರ್."

ಅರ್ಧ ಹಾಳೆ ಖಾಲಿ ಇದ್ದರೆ ವೈದ್ಯರು ಲೆಕ್ಕ ಹೇಳಲಾರರು, ಅಬ್ಬಾನನ್ನೇ ಕೂರಿಸಿಕೊಂಡು ಕೇಳು ಎಂದು ಹಾಳೆ ವಾಪಸ್ ಕೊಟ್ಟೆ.